ಗಲ್ಫಿನಿಂದ ಬರುವ ಸೈಕಲ್ ಯಾರ ಅಳತೆಗೆ?

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಅಂಗಿ ತರುವಾಗ ಅಳತೆ ಕೇಳುತ್ತೇವೆ. ಚಪ್ಪಲಿ ತರುವಾಗ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಲಕ್ಷ ರೂಪಾಯಿಯ ಸೈಕಲ್ ತರುವಾಗ ಮಾತ್ರ ಅಳತೆ ಕೇಳುವವರಿಲ್ಲ. ಬಣ್ಣ ಯಾವುದು, ಕಂಪೆನಿ ಯಾವುದು, ಎಷ್ಟು ಗೇರು ಉಂಟು, ಹಿಂದೆ-ಮುಂದೆ ಎರಡೂ ಕಡೆ ಶಾಕ್ ಉಂಟಾ, ಇಷ್ಟರಲ್ಲಿ ವಿಚಾರಣೆ ಮುಗಿಯುತ್ತದೆ. ಕೊಡುವವರ ಮನಸ್ಸಿನ ಅಳತೆಗೆ ಸೈಕಲ್ ಬರುತ್ತದೆ, ತುಳಿಯುವ ಮಗುವಿನ ಕಾಲಿನ ಅಳತೆಗೆ ಬರುವುದಿಲ್ಲ. ಬೀದಿಯಲ್ಲಿ ಅತ್ತಿತ್ತ ಹೋಗುವ ಸೈಕಲಾದರೆ ಇದರಿಂದ ದೊಡ್ಡ ನಷ್ಟವಿಲ್ಲ. ಬೆಟ್ಟದ ದಾರಿಯ ಟ್ರಯಥ್ಲಾನಿಗೆ ಇಳಿಯುವ ಮಗುವಿಗೆ ಇದರಿಂದ ಹಣವೂ ಹೋಗುತ್ತದೆ, ಮೊಣಕಾಲೂ ಹೋಗುತ್ತದೆ, ಆಸೆಯೂ ಹೋಗುತ್ತದೆ.

ಈ ಮಾತನ್ನು ಬರೆಯಬೇಕೆನಿಸಿದ್ದು ನನಗೆ ಬರುವ ಫೋನುಗಳಿಂದ. ನಾನು ದುಬೈಯಲ್ಲಿ ಒಂಬತ್ತು ವರ್ಷ ಕೆಲಸ ಮಾಡಿ 2021ರಲ್ಲಿ ಉಪ್ಪಳದ ಕಡೆಗೆ ಮರಳಿದವನು. ಅಲ್ಲಿದ್ದಾಗ ರಜೆಯ ದಿನ ಹತ್ತಾ ಬೆಟ್ಟದಲ್ಲಿ ಸೈಕಲ್ ತುಳಿಯುತ್ತಿದ್ದೆ, ಎರಡು ಸಲ ಈ ಬಗೆಯ ಸ್ಪರ್ಧೆಯಲ್ಲಿ ಕೊನೆಯ ಗೆರೆ ಮುಟ್ಟಿದ್ದೇನೆ. ಅಷ್ಟಕ್ಕೇ ಕುಟುಂಬದಲ್ಲಿ ನಾನು 'ಸೈಕಲ್ ಗೊತ್ತಿರುವವನು' ಆಗಿದ್ದೇನೆ. ಉಳ್ಳಾಲದಿಂದ, ಕುಂಬಳೆಯಿಂದ, ಶಾರ್ಜಾದಿಂದ, ದಮಾಮಿನಿಂದ ಕೇಳುವ ಪ್ರಶ್ನೆ ಒಂದೇ: "ಮಗ ಏನೋ ಟ್ರಯಥ್ಲಾನ್ ಅಂತಾನೆ, ಬೆಟ್ಟದ್ದಂತೆ. ಯಾವ ಸೈಕಲ್ ಒಳ್ಳೆಯದು?" ನಾನು ತಿರುಗಿ ಕೇಳುವುದೂ ಒಂದೇ: "ಮಗನ ಎತ್ತರ ಎಷ್ಟು?" ಆ ಕಡೆ ಮೌನ. ಮತ್ತೆ "ಹೆಚ್ಚುಕಡಿಮೆ ನನ್ನಷ್ಟು" ಎಂಬ ಉತ್ತರ.

ಮೊದಲು ಈ ಆಟ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ, ಮೂರೂ ನಡುವೆ ನಿಲ್ಲದೆ. 2019ರಲ್ಲಿ ಗೋವಾದಲ್ಲಿ ಐರನ್‌ಮ್ಯಾನ್ 70.3 ಶುರುವಾದ ಮೇಲೆ ನಮ್ಮ ಕರಾವಳಿಯಲ್ಲೂ ಈ ಹೆಸರು ಕೇಳುವಂತಾಯಿತು. ಅದು ಡಾಂಬರು ರಸ್ತೆಯದ್ದು. ಕಾಡುದಾರಿಯ ಟ್ರಯಥ್ಲಾನಿನಲ್ಲಿ ಸೈಕಲ್ ತುಳಿಯುವುದೂ ಓಡುವುದೂ ಮಣ್ಣು, ಕಲ್ಲು, ಬೇರು, ಏರಿಳಿತಗಳ ಮೇಲೆ. 1996ರಲ್ಲಿ ಹವಾಯಿಯ ಮಾವಿ ದ್ವೀಪದಲ್ಲಿ ಎಕ್ಸ್‌ಟೆರಾ ಎಂಬ ಸ್ಪರ್ಧೆ ಇದಕ್ಕೆ ಹೆಸರು ತಂದಿತು. ಅದೇ ವರ್ಷ ಅಟ್ಲಾಂಟಾದಲ್ಲಿ ಮೌಂಟನ್ ಬೈಕ್ ಮೊದಲ ಸಲ ಒಲಿಂಪಿಕ್ಸಿಗೆ ಬಂದಿತ್ತು. ಎಕ್ಸ್‌ಟೆರಾದ ಪೂರ್ಣ ದೂರ ಸುಮಾರು ಒಂದೂವರೆ ಕಿ.ಮೀ. ಈಜು, 30 ಕಿ.ಮೀ. ಆಸುಪಾಸು ಸೈಕಲ್, 10 ಕಿ.ಮೀ. ಓಟ. ಅಂತಾರಾಷ್ಟ್ರೀಯ ಟ್ರಯಥ್ಲಾನ್ ಸಂಸ್ಥೆ ಇದನ್ನೇ 'ಕ್ರಾಸ್ ಟ್ರಯಥ್ಲಾನ್' ಎಂದು ಕರೆದು 2011ರಿಂದ ತನ್ನದೇ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತ ಬಂದಿದೆ. ಏಷ್ಯಾದಲ್ಲಿ ಫಿಲಿಪೀನ್ಸ್, ಮಲೇಷ್ಯಾ, ತೈವಾನ್‌ಗಳಲ್ಲಿ ಎಕ್ಸ್‌ಟೆರಾ ನಡೆದಿದೆ.

ಹಾಗಾದರೆ ನಮಗೇಕೆ ಇದು? ಏಕೆಂದರೆ ನಮ್ಮ ಮಕ್ಕಳು ಬೆಳೆಯುತ್ತಿರುವ ಜಾಗಗಳೇ ಹಾಗಿವೆ. ಯುಎಇಯಲ್ಲಿರುವ ಕುಟುಂಬಗಳಿಗೆ ಹತ್ತಾ ಬೆಟ್ಟ ಕಾರಿನಲ್ಲಿ ಒಂದೂವರೆ ಗಂಟೆ ದೂರ. ಅಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟಕ್ಕೆ ತಕ್ಕ ಬಣ್ಣ ಕೊಟ್ಟ ಸೈಕಲ್ ದಾರಿಗಳನ್ನೇ ಮಾಡಿಟ್ಟಿದ್ದಾರೆ. ಊರಿನಲ್ಲಿರುವವರಿಗೆ ಪದವು ಉಂಟು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಕಡಲಿನಿಂದ ಸ್ವಲ್ಪ ಒಳಕ್ಕೆ ಹೋದರೆ ಸಾಕು, ಮುರಕಲ್ಲಿನ ಬಯಲು, ಗುಡ್ಡ, ತೋಟಕ್ಕೆ ಇಳಿಯುವ ಕಡಿದಾದ ಕಾಲುದಾರಿ. ಪೊಸಡಿಗುಂಪೆಯ ಸುತ್ತಿನ ದಾರಿಗಳನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಕೇರಳದಲ್ಲಿ ಇದು ಹೊಸ ಮಾತಲ್ಲ. 2023ರ ಅಕ್ಟೋಬರಿನಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ತಿರುವನಂತಪುರದ ಪೊನ್ಮುಡಿಯಲ್ಲೇ ನಡೆಯಿತು. ಅತ್ತ ಕರ್ನಾಟಕದ ಗದಗಿನಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ ಆಗಿದೆ. ಗಡಿಯ ಎರಡೂ ಕಡೆ ಆಟ ಉಂಟು, ನಡುವೆ ನಾವಿದ್ದೇವೆ. ಕಡಲೂ ನಮ್ಮದೇ, ಗುಡ್ಡವೂ ನಮ್ಮದೇ.

ಇನ್ನು ಸೈಕಲಿಗೆ ಬರೋಣ. ಮೊದಲನೆಯದು ಅಳತೆ, ಎರಡನೆಯದು ಅಳತೆ, ಮೂರನೆಯದಾಗಿ ಉಳಿದದ್ದೆಲ್ಲ. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು: ಕಾಲು ಇದ್ದಷ್ಟು ಸೈಕಲ್ ಕೊಳ್ಳು. ಮಗುವನ್ನು ಬರಿಗಾಲಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ. ಕಾಲುಗಳ ನಡುವೆ ಒಂದು ದಪ್ಪ ಪುಸ್ತಕವನ್ನು ಮೇಲಕ್ಕೆ ತಾಗುವಂತೆ ಹಿಡಿಸಿ, ಪುಸ್ತಕದ ಮೇಲ್ಅಂಚಿನಿಂದ ನೆಲದವರೆಗೆ ಅಳೆಯಿರಿ. ಸೈಕಲಿನ ಮೇಲಿನ ಕೊಳವೆಯ ಎತ್ತರ ಇದಕ್ಕಿಂತ ಕನಿಷ್ಠ 5 ಸೆಂ.ಮೀ. ಕೆಳಗಿರಬೇಕು. ರಸ್ತೆಯಲ್ಲಿ ಇದಕ್ಕಿಂತ ಕಡಿಮೆ ಅಂತರ ಸಾಕು, ಬೆಟ್ಟದಲ್ಲಿ ಸಾಲದು. ಕಲ್ಲಿನ ಮೇಲೆ ಥಟ್ಟನೆ ಕಾಲೂರಬೇಕಾದಾಗ ನೆಲ ಒಂದು ಗೇಣು ತಗ್ಗಿನಲ್ಲಿರಬಹುದು. ಆಗ ಆ 5 ಸೆಂ.ಮೀ. ಏನೆಂದು ಗೊತ್ತಾಗುತ್ತದೆ. ಸೀಟಿನಿಂದ ಹ್ಯಾಂಡಲಿಗೆ ಇರುವ ದೂರವನ್ನೂ ನೋಡಬೇಕು. ಇಳಿಜಾರಿನಲ್ಲಿ ಮೊಣಕೈ ಮಡಚಿಯೇ ಇದ್ದು, ಒಂದು ಬೆರಳಿನಿಂದ ಬ್ರೇಕ್ ಎಳೆಯಲು ಆಗಬೇಕು. ಕೈ ನೀಟಿ ಬ್ರೇಕ್ ಹುಡುಕುವ ಸ್ಥಿತಿ ಇದ್ದರೆ ಆ ಸೈಕಲ್ ಆ ಮಗುವಿನದ್ದಲ್ಲ.

'ಬೆಳೆಯುವ ಹುಡುಗ, ಒಂದು ಸೈಜ್ ದೊಡ್ಡದೇ ಇರಲಿ' ಎನ್ನುವವರಿದ್ದಾರೆ. ಶಾಲೆಯ ಸಮವಸ್ತ್ರಕ್ಕೆ ಈ ಲೆಕ್ಕ ಸರಿ. ಸಮವಸ್ತ್ರ ದೊಡ್ಡದಾದರೆ ತೋಳು ಮಡಚಬಹುದು. ಸೈಕಲಿನ ಫ್ರೇಮನ್ನು ಮಡಚಲಾಗುವುದಿಲ್ಲ.

ನಮ್ಮ ಕುಟುಂಬದಲ್ಲೇ ಆದದ್ದು ಹೇಳುತ್ತೇನೆ. ಅಕ್ಕ-ತಮ್ಮ ಇಬ್ಬರು ಮಕ್ಕಳು. ಅಕ್ಕನಿಗೆ 15, ತಮ್ಮನಿಗೆ 14. ಈಜಿನಲ್ಲಿ ಅಕ್ಕನೇ ಮುಂದೆ. ಓಟದಲ್ಲೂ ಅವಳೇ. ಗಲ್ಫಿನ ಮಾಮ ಸೈಕಲ್ ಕಳಿಸಿದ್ದು ತಮ್ಮನ ಹೆಸರಿಗೆ, ಅದೂ ಅವನಿಗೇ ಒಂದು ಸೈಜ್ ದೊಡ್ಡದು. 29 ಇಂಚಿನ ಚಕ್ರ, ಎರಡೂ ಕಡೆ ಶಾಕ್, ಕಣ್ಣು ಕುಕ್ಕುವ ಬಣ್ಣ. 'ಅವಳೂ ಅದರಲ್ಲೇ ಓಡಿಸಲಿ' ಎಂದು ಮನೆಯಲ್ಲಿ ತೀರ್ಮಾನವಾಯಿತು. ಅವಳ ಎತ್ತರ 152 ಸೆಂ.ಮೀ. ಪದವಿನ ಇಳಿಜಾರಿನಲ್ಲಿ ನಿಲ್ಲಿಸಲು ಹೋಗಿ ಕಾಲು ಸಿಗದೆ ಬಿದ್ದಳು, ಮೊಣಕೈಗೆ ಆರು ಹೊಲಿಗೆ ಬಿತ್ತು. ಆಮೇಲೆ ಮನೆಯಲ್ಲಿ ಹೇಳಿದ ಮಾತು: "ನಾವು ಆಗಲೇ ಹೇಳಿದ್ದೆವು, ಇದು ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲ."

ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಬಿದ್ದದ್ದಕ್ಕೆ ಕಾರಣ ಅವಳು ಹೆಣ್ಣಾಗಿರುವುದಲ್ಲ, ಫ್ರೇಮಿನ ಅಳತೆ. ಅದೇ ಎತ್ತರದ ಹುಡುಗನನ್ನು ಅದೇ ಸೈಕಲಿನಲ್ಲಿ ಅದೇ ಇಳಿಜಾರಿಗೆ ಬಿಟ್ಟಿದ್ದರೆ ಅವನಿಗೂ ಹೊಲಿಗೆ ಬೀಳುತ್ತಿತ್ತು. ಆಗ 'ಸೈಕಲ್ ದೊಡ್ಡದಾಯಿತು' ಎನ್ನುತ್ತಿದ್ದರೇ ಹೊರತು 'ಇದು ಗಂಡುಮಕ್ಕಳಿಗೆ ಹೇಳಿಸಿದ್ದಲ್ಲ' ಎನ್ನುತ್ತಿರಲಿಲ್ಲ. ತಪ್ಪು ಅಳತೆಯ ಸೈಕಲ್ ಕೊಟ್ಟು, ಬಿದ್ದ ಮೇಲೆ ಬಿದ್ದವಳನ್ನೇ ದೂರುವುದು ನ್ಯಾಯವಲ್ಲ. ಈಗ ಮಂಗಳೂರಿನ ಒಬ್ಬರಿಂದ 27.5 ಇಂಚಿನ ಚಕ್ರದ, ಸಣ್ಣ ಫ್ರೇಮಿನ ಹಳೆಯ ಸೈಕಲೊಂದು ಅವಳಿಗೆ ಸಿಕ್ಕಿದೆ. ಮಾಮ ಕಳಿಸಿದ್ದರ ಬೆಲೆಯಲ್ಲಿ ಕಾಲು ಭಾಗವೂ ಇಲ್ಲ. ಸ್ಪರ್ಧೆಗೆ ಇನ್ನೂ ಹೋಗಿಲ್ಲ. ಆದರೆ ಇಳಿಜಾರಿನಲ್ಲಿ ನಿಲ್ಲಿಸಲು ಈಗ ಅವಳಿಗೆ ಭಯವಿಲ್ಲ.

ಬರ್ಮುಡಾದ ಫ್ಲೋರಾ ಡಫಿಯ ಹೆಸರನ್ನು ನಮ್ಮ ಮನೆಗಳಲ್ಲಿ ಹೇಳಬೇಕು. 70 ಸಾವಿರ ಜನವೂ ಇಲ್ಲದ ದ್ವೀಪ ಅದು. ಅಲ್ಲಿಂದ ಬಂದ ಈ ಹೆಣ್ಣುಮಗಳು ಕಾಡುದಾರಿಯ ಟ್ರಯಥ್ಲಾನಿನಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆದಳು. 2021ರಲ್ಲಿ ಟೋಕಿಯೊ ಒಲಿಂಪಿಕ್ಸಿನ ಟ್ರಯಥ್ಲಾನಿನಲ್ಲಿ ಚಿನ್ನ ಗೆದ್ದಳು, ಅದು ಅವಳ ದೇಶದ ಮೊದಲ ಒಲಿಂಪಿಕ್ ಚಿನ್ನ. ಸಣ್ಣ ಊರು, ಸುತ್ತ ಕಡಲು, ಇದು ನಮಗೆ ಪರಿಚಯವಿಲ್ಲದ ಚಿತ್ರವೇನಲ್ಲ.

ಈಗ ದೊಡ್ಡ ಚರ್ಚೆ: ಮುಂದೆ ಮಾತ್ರ ಶಾಕ್ ಇರುವ ಹಾರ್ಡ್‌ಟೇಲ್ ಬೇಕಾ, ಎರಡೂ ಕಡೆ ಇರುವ ಫುಲ್ ಸಸ್ಪೆನ್ಶನ್ ಬೇಕಾ? ಮೊದಲ ಸೈಕಲಾಗಿ ಹಾರ್ಡ್‌ಟೇಲ್ ತೆಗೆಯಿರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಪಕ್ಷದ ವಾದವೂ ಸುಳ್ಳಲ್ಲ. ಉದ್ದದ, ಒರಟು ದಾರಿಯಲ್ಲಿ ಹಿಂದಿನ ಶಾಕ್ ಬೆನ್ನನ್ನೂ ತೊಡೆಯನ್ನೂ ಉಳಿಸುತ್ತದೆ. ಟ್ರಯಥ್ಲಾನಿನಲ್ಲಿ ಸೈಕಲ್ ಇಳಿದ ಮೇಲೆ ಗುಡ್ಡ ಹತ್ತಿ ಓಡಲಿಕ್ಕೂ ಉಂಟಲ್ಲ, ಹಾಗಾಗಿ ಮೇಲಿನ ಮಟ್ಟದ ಸ್ಪರ್ಧಿಗಳು ಒರಟು ದಾರಿಗೆ ಅದನ್ನೇ ಆರಿಸಿಕೊಳ್ಳುತ್ತಾರೆ. ಆದರೆ ಅವರ ಹಿಂದೆ ಮೆಕ್ಯಾನಿಕ್ ಇರುತ್ತಾನೆ. ನಮ್ಮ ಹಿಂದೆ ಯಾರಿದ್ದಾರೆ? ಹಿಂದಿನ ಶಾಕಿಗೆ ಅದರದ್ದೇ ಸರ್ವಿಸ್ ಬೇಕು, ಫ್ರೇಮಿನ ಕೀಲುಗಳಲ್ಲಿ ಬೇರಿಂಗುಗಳು ಇರುತ್ತವೆ, ನಮ್ಮ ಕಡಲ ಗಾಳಿಯಲ್ಲಿ ಅವು ಬೇಗ ಕಿರುಗುಟ್ಟುತ್ತವೆ. ಅದೇ ದರ್ಜೆಯ ಹಾರ್ಡ್‌ಟೇಲಿಗಿಂತ ತೂಕವೂ ಹೆಚ್ಚು. ಎಲ್ಲಕ್ಕಿಂತ ಮುಖ್ಯವಾಗಿ, ಒಂದೇ ಬೆಲೆಗೆ ಎರಡೂ ಸಿಗುವುದಾದರೆ ಫುಲ್ ಸಸ್ಪೆನ್ಶನಿನಲ್ಲಿ ಬ್ರೇಕ್, ಗೇರು, ಚಕ್ರ ಎಲ್ಲವೂ ಒಂದು ಮೆಟ್ಟಿಲು ಕೆಳಗಿನದ್ದು ಇರುತ್ತವೆ. ಕಡಿಮೆ ಬೆಲೆಯ ಫುಲ್ ಸಸ್ಪೆನ್ಶನ್ ಅಂದರೆ ಸ್ಪ್ರಿಂಗ್ ಹಾಕಿದ ಮಂಚ. ತುಳಿದ ಬಲವೆಲ್ಲ ಅದರಲ್ಲೇ ಮುಳುಗುತ್ತದೆ.

ಹಾರ್ಡ್‌ಟೇಲಿನಿಂದ ಇನ್ನೊಂದು ಲಾಭ ಉಂಟು. ಅದು ಕಲಿಸುತ್ತದೆ. ಕಲ್ಲು ಬಂದಾಗ ಸೀಟಿನಿಂದ ಏಳಬೇಕು, ಮೊಣಕಾಲು ಸಡಿಲ ಇರಬೇಕು, ದಾರಿಯನ್ನು ಹತ್ತು ಗಜ ಮುಂದೆಯೇ ಓದಬೇಕು. ಈ ಅಭ್ಯಾಸ ಆದವರಿಗೆ ಮುಂದೆ ಯಾವ ಸೈಕಲ್ ಕೊಟ್ಟರೂ ಸರಿ.

ಕಾರ್ಬನ್ ಫ್ರೇಮಿನ ಬಗ್ಗೆಯೂ ಕೇಳುತ್ತಾರೆ. ಹಗುರ ಹೌದು. ಆದರೆ ಕಲ್ಲಿಗೆ ಬಡಿದು ಒಳಗೆ ಬಿರುಕು ಬಿಟ್ಟರೆ ಹೊರಗೆ ಕಾಣದಿರಬಹುದು. ಬಳಸಿದ ಕಾರ್ಬನ್ ಸೈಕಲನ್ನು ಫೋಟೋ ನೋಡಿ ಕೊಳ್ಳುವುದು, ಅದನ್ನು ವಿಮಾನದ ಲಗೇಜಿಗೆ ಹಾಕುವುದು, ಎರಡೂ ಧೈರ್ಯದ ಕೆಲಸ. ಅಲ್ಯೂಮಿನಿಯಮ್ ಸಾಕು. ಒಂದು ಕಿಲೋ ಹಗುರ ಮಾಡಲು ಕೊಡುವ ಹಣದಲ್ಲಿ ಒಂದು ಇಡೀ ವರ್ಷ ಈಜು ಕಲಿಸಬಹುದು.

ಅಂಗಡಿಯಲ್ಲಿ ಏನೇನು ನೋಡಬೇಕು? ಮುಂದಿನ ಫೋರ್ಕ್ ಗಾಳಿಯದ್ದಾಗಿರಲಿ, 100ರಿಂದ 120 ಮಿ.ಮೀ. ಆಡುವಂಥದ್ದು. ಗಾಳಿಯ ಫೋರ್ಕನ್ನು ಮಗುವಿನ ತೂಕಕ್ಕೆ ತಕ್ಕಂತೆ ಹೊಂದಿಸಬಹುದು. ಸ್ಪ್ರಿಂಗಿನ ಫೋರ್ಕ್ ದೊಡ್ಡವರ ತೂಕಕ್ಕೆ ಮಾಡಿದ್ದಾಗಿದ್ದರೆ 45 ಕಿಲೋ ತೂಕದ ಮಗುವಿಗೆ ಅದು ಬಗ್ಗುವುದೇ ಇಲ್ಲ, ಭಾರ ಮಾತ್ರ ಉಳಿಯುತ್ತದೆ. ಬ್ರೇಕ್ ಹೈಡ್ರಾಲಿಕ್ ಡಿಸ್ಕ್ ಆಗಿರಲೇಬೇಕು, ಇದರಲ್ಲಿ ರಾಜಿ ಬೇಡ. ಕೆಲವು ಬ್ರೇಕುಗಳಿಗೆ ಮಿನರಲ್ ಆಯಿಲ್, ಕೆಲವಕ್ಕೆ ಡಾಟ್ ಫ್ಲೂಯಿಡ್. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಒಳಗಿನ ರಬ್ಬರೇ ಹಾಳಾಗುತ್ತದೆ. ಯಾವುದೆಂದು ಕೇಳಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಊರಿನ ಬೈಕ್ ಮೆಕ್ಯಾನಿಕ್ ತನ್ನಲ್ಲಿರುವುದನ್ನು ಹಾಕಿಬಿಡುತ್ತಾನೆ.

'21 ಗೇರು' ಎಂಬ ಬರಹ ನೋಡಿ ಮರುಳಾಗಬೇಡಿ. ಈಗಿನ ಸ್ಪರ್ಧೆಯ ಸೈಕಲುಗಳಲ್ಲಿ ಮುಂದೆ ಒಂದೇ ಹಲ್ಲುಚಕ್ರ, ಹಿಂದೆ 11 ಅಥವಾ 12. ಮುಂದೆ 30 ಅಥವಾ 32 ಹಲ್ಲು, ಹಿಂದಿನ ಅತಿ ದೊಡ್ಡದರಲ್ಲಿ 50 ಅಥವಾ 51 ಹಲ್ಲು ಇದ್ದರೆ ನಮ್ಮ ಪದವಿನ ಏರನ್ನು ಕೂತೇ ಹತ್ತಬಹುದು. ಹುಡುಗಿಗೆ, ಹಗುರ ಮೈಯ ಹುಡುಗನಿಗೆ 30 ಹಲ್ಲಿನದ್ದೇ ಒಳ್ಳೆಯದು. ಏರಿನಲ್ಲಿ ಶಕ್ತಿ ಸುರಿದವರು ಓಟದಲ್ಲಿ ಅದರ ಬಡ್ಡಿ ಕಟ್ಟುತ್ತಾರೆ.

ಇನ್ನೊಂದು ಗುಟ್ಟು. ಹಲವು ದೊಡ್ಡ ಕಂಪೆನಿಗಳು ತಮ್ಮ ಸೈಕಲಿನ ಮೇಲೋ ಪುಸ್ತಿಕೆಯಲ್ಲೋ 1ರಿಂದ 5ರವರೆಗಿನ ಒಂದು ಅಂಕಿ ಕೊಟ್ಟಿರುತ್ತವೆ. 1 ಅಂದರೆ ಡಾಂಬರು ರಸ್ತೆಗೆ. 2 ಅಂದರೆ ಜಲ್ಲಿ ದಾರಿಗೆ, ಚಿಕ್ಕ ತಗ್ಗಿಗೆ. 3 ಅಂದರೆ ಒರಟು ಕಾಡುದಾರಿಗೆ. ನಮಗೆ ಬೇಕಾದ್ದು 3. ಅಂಗಡಿಯ ಎದುರು ಸಾಲಾಗಿ ನಿಲ್ಲಿಸಿರುವ ದಪ್ಪ ಟಯರಿನ ಸೈಕಲುಗಳಲ್ಲಿ ಎಷ್ಟೋ ನೋಡಲು ಮಾತ್ರ ಮೌಂಟನ್ ಬೈಕ್. ಅವುಗಳ ಪುಸ್ತಿಕೆಯಲ್ಲೇ 'ಕಾಡುದಾರಿಗೆ ಬಳಸಬಾರದು' ಎಂಬ ಅರ್ಥದ ಸಾಲು ಇರುವುದುಂಟು. ನಾವು ಪುಸ್ತಿಕೆ ಓದುವುದಿಲ್ಲ, ಅಷ್ಟೆ.

ಚಕ್ರದ ವಿಷಯ. 29 ಇಂಚಿನದ್ದು ಕಲ್ಲುಗುಂಡಿಗಳನ್ನು ಸುಲಭವಾಗಿ ದಾಟುತ್ತದೆ, ಹಾಗಾಗಿ ಎತ್ತರದವರಿಗೆ ಅದೇ ಸರಿ. 155 ಸೆಂ.ಮೀ.ಗಿಂತ ಕಡಿಮೆ ಇರುವವರಿಗೆ ಹೆಚ್ಚಾಗಿ 27.5 ಹೊಂದುತ್ತದೆ. 26 ಇಂಚಿನದ್ದಕ್ಕೆ ಒಳ್ಳೆಯ ಟಯರ್ ಸಿಗುವುದು ಈಗ ಕಷ್ಟ.

ಟಯರ್ ಬಗ್ಗೆ ಮಾತ್ರ ನಮ್ಮ ನೆಲವನ್ನೇ ನೋಡಿ ಹೇಳಬೇಕು. ಪದವಿನ ಮೇಲೆ ಬೇಸಿಗೆಯಲ್ಲಿ ಮುರಕಲ್ಲಿನ ಹರಳುಗಳು ಕಡಲೆಕಾಳು ಚೆಲ್ಲಿದ ಹಾಗೆ ಉರುಳುತ್ತವೆ. ಮಳೆಗಾಲ ಮುಗಿದಾಗ ಅದೇ ಕಲ್ಲಿಗೆ ಪಾಚಿ ಹಿಡಿದು ಸಾಬೂನಾಗುತ್ತದೆ. ಕಲ್ಲಿನ ಅಂಚು ಟಯರಿನ ಪಕ್ಕವನ್ನು ಸೀಳುತ್ತದೆ. 2.25ರಿಂದ 2.4 ಇಂಚು ಅಗಲದ, ಪಕ್ಕ ಗಟ್ಟಿಯಿರುವ ಟಯರ್, ಒಳಗೆ ಟ್ಯೂಬ್ ಇಲ್ಲದೆ ಸೀಲಂಟ್ ಹಾಕಿದ್ದು, ಇದೇ ನನ್ನ ಶಿಫಾರಸು. ಟ್ಯೂಬ್ ಇಲ್ಲದಿದ್ದರೆ ಗಾಳಿ ಕಡಿಮೆ ಇಡಬಹುದು. 60 ಕಿಲೋ ತೂಕದವರಿಗೆ ಮುಂದೆ 20, ಹಿಂದೆ 23 ಪಿಎಸ್‌ಐ ಆಸುಪಾಸಿನಿಂದ ಶುರುಮಾಡಿ ಹೊಂದಿಸಿಕೊಳ್ಳಿ. ಪಂಕ್ಚರ್ ಅಂಗಡಿಯಲ್ಲಿ 50 ತುಂಬಿಸಿಕೊಂಡು ಬಂದರೆ ಎಷ್ಟು ಲಕ್ಷದ ಸೈಕಲಾದರೂ ಹರಳಿನ ಮೇಲೆ ಜಾರುತ್ತದೆ. ನಮ್ಮ ಸೆಕೆಗೆ ಸೀಲಂಟ್ ಬೇಗ ಒಣಗುತ್ತದೆ, ಎರಡು-ಮೂರು ತಿಂಗಳಿಗೊಮ್ಮೆ ನೋಡಿ ಹಾಕಬೇಕು.

ಇದುವರೆಗೆ ಹೇಳಿದ್ದು ಯಾವ ಮೌಂಟನ್ ಬೈಕಿಗೂ ಸಲ್ಲುತ್ತದೆ. ಟ್ರಯಥ್ಲಾನಿಗೆ ಮಾತ್ರ ಸಲ್ಲುವ ಮಾತು ಬೇರೆ ಉಂಟು. ನೀವು ಸೈಕಲ್ ಹತ್ತುವುದು ನೀರಿನಿಂದ ಎದ್ದು, ತೋಳು ಸೋತು, ಎದೆ ಬಡಿದುಕೊಳ್ಳುವಾಗ. ಇಳಿಯುವುದು ಓಡಲಿಕ್ಕೆ. ಎರಡು ಗಂಟೆ ಸೈಕಲ್ ಮೇಲೆ ಇರುವಾಗ ಎರಡು ಬಾಟಲಿ ನೀರು ಬೇಕು. ಸಣ್ಣ ಸೈಜಿನ ಫುಲ್ ಸಸ್ಪೆನ್ಶನ್ ಫ್ರೇಮುಗಳಲ್ಲಿ ಹಲವು ಸಲ ಒಂದೇ ಬಾಟಲಿಗೆ ಜಾಗ, ಹಾರ್ಡ್‌ಟೇಲಿನಲ್ಲಿ ಸಾಮಾನ್ಯವಾಗಿ ಎರಡಕ್ಕೆ. ಕೆಲವು ಏರುಗಳಲ್ಲಿ ಸೈಕಲನ್ನು ಹೆಗಲಿಗೇರಿಸಿ ನಡೆಯಬೇಕಾಗುತ್ತದೆ, ಆದ್ದರಿಂದ ಬೂಟಿನ ಅಡಿ ಕಲ್ಲು ಹಿಡಿಯುವಂತಿರಬೇಕು. ಬೂಟು ಪೆಡಲಿಗೆ ಕಚ್ಚಿಕೊಳ್ಳುವ ವ್ಯವಸ್ಥೆ ಮೊದಲ ವರ್ಷ ಬೇಡ. ಅಗಲವಾದ ಚಪ್ಪಟೆ ಪೆಡಲ್ ಸಾಕು, ಓಡುವ ಬೂಟಿನಲ್ಲೇ ತುಳಿದು ಅದೇ ಬೂಟಿನಲ್ಲಿ ಓಡಬಹುದು. ರಸ್ತೆ ಟ್ರಯಥ್ಲಾನಿನವರು ಮೊಣಕೈ ಊರಿ ಬಗ್ಗುವ ಹ್ಯಾಂಡಲಿಗೆ ಇಲ್ಲಿ ಕೆಲಸವಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿದ ಮೇಲೆಯೇ ಸೈಕಲನ್ನು ಅದರ ಜಾಗದಿಂದ ತೆಗೆಯಬೇಕು, ಮರಳಿ ಇಟ್ಟ ಮೇಲೆಯೇ ಪಟ್ಟಿ ಬಿಚ್ಚಬೇಕು ಎಂಬುದು ನಿಯಮ. ಮನೆಯಲ್ಲೇ ಅದನ್ನು ಅಭ್ಯಾಸ ಮಾಡಿಸಿ.

ಕಡಲಿನಲ್ಲಿ ಈಜಿದ ಮೈಯಿಂದ ಉಪ್ಪುನೀರು ಸೈಕಲಿನ ಮೇಲೆ ತೊಟ್ಟಿಕ್ಕುತ್ತದೆ. ಹ್ಯಾಂಡಲಿನ ಬೋಲ್ಟು, ಅದರ ಕೆಳಗಿನ ಬೇರಿಂಗ್, ಚೈನು ಇವಕ್ಕೆ ಮೊದಲು ತುಕ್ಕು. ಪ್ರತಿ ಸಲವೂ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಬಿಡಬೇಕು. ಅಡುಗೆಯ ತೆಂಗಿನೆಣ್ಣೆ ಅಲ್ಲ ಮತ್ತೆ! ಮಳೆಗಾಲದಲ್ಲಿ ಕಡಲಿಗೆ ಇಳಿಸಬೇಡಿ, ಯಾವ ಕಾಲದಲ್ಲೂ ಒಬ್ಬರನ್ನೇ ನೀರಿಗೆ ಬಿಡಬೇಡಿ. ಸೈಕಲ್ ಮತ್ತೆ ಸಿಗುತ್ತದೆ.

ಹೆಣ್ಣುಮಕ್ಕಳ ಉಡುಪಿನ ವಿಷಯ ಎತ್ತಿ ಆಟವನ್ನೇ ನಿಲ್ಲಿಸುವ ಮನೆಗಳುಂಟು. ಅದಕ್ಕೆ ನನ್ನ ಉತ್ತರ ತೀರಾ ಸಾದಾ. ಮೈತುಂಬ ಮುಚ್ಚುವ ಈಜುಡುಪು ಸಿಗುತ್ತದೆ, ಅದರ ಮೇಲೆಯೇ ಸೈಕಲ್ ತುಳಿಯಬಹುದು. ಯಾವ ಉಡುಪಿಗೆ ಅನುಮತಿ ಉಂಟೆಂದು ಸ್ಪರ್ಧೆಯವರನ್ನು ಮೊದಲೇ ಬರೆದು ಕೇಳಿ. ಸಡಿಲ ಪ್ಯಾಂಟಾದರೆ ಬಲಗಾಲಿನ ಮಣಿಗಂಟಿಗೆ ಪಟ್ಟಿ ಬಿಗಿಯಬೇಕು, ಏಕೆಂದರೆ ಈ ಸೈಕಲುಗಳಿಗೆ ಚೈನ್ ಕವರ್ ಇರುವುದಿಲ್ಲ. ಹೆಲ್ಮೆಟ್ಟಿನ ಅಡಿ ತೆಳುವಾದ, ಗಂಟಿಲ್ಲದ ತಲೆಬಟ್ಟೆ ಇರಲಿ, ಹಿಂದೆ ತಿರುಗಿಸಿ ಬಿಗಿಮಾಡುವ ಗುಂಡಿ ಇರುವ ಹೆಲ್ಮೆಟ್ ತೆಗೆಯಿರಿ. ಅಂಗಡಿಗೆ ಅದೇ ತಲೆಬಟ್ಟೆ ಹಾಕಿಕೊಂಡೇ ಹೋಗಿ ನೋಡಲಿ. ಇಷ್ಟೇ ಸಮಸ್ಯೆ, ಇಷ್ಟೇ ಪರಿಹಾರ.

ಇನ್ನು ಗಲ್ಫಿನಲ್ಲಿರುವ ಮಾಮಂದಿರಿಗೆ, ಕಾಕಂದಿರಿಗೆ ಒಂದು ಮಾತು. ನಿಮ್ಮ ಪ್ರೀತಿಯನ್ನು ಯಾರೂ ಅಲ್ಲಗಳೆಯುವುದಿಲ್ಲ. ಬಿಸಿಲಲ್ಲಿ ದುಡಿದ ದಿರ್ಹಮ್ ಅದು, ಅದಕ್ಕೇ ಹೇಳುತ್ತಿದ್ದೇನೆ. ಅಲ್ಲಿ ಬಳಸಿದ ಒಳ್ಳೆಯ ಸೈಕಲುಗಳು ಕಡಿಮೆ ಬೆಲೆಗೆ ಸಿಗುವುದು ನಿಜ, ಊರು ಬಿಟ್ಟು ಹೋಗುವವರು ಮಾರುತ್ತಾರೆ. ಆದರೆ ಕೊಳ್ಳುವ ಮುಂಚೆ ನಾಲ್ಕು ಪ್ರಶ್ನೆ ಇರಲಿ. ಮಗುವಿನ ಎತ್ತರವೂ ಕಾಲಿನ ಅಳತೆಯೂ ಕೈಯಲ್ಲಿ ಉಂಟಾ? ಇದರ ಬಿಡಿಭಾಗ ಮಂಗಳೂರಿನಲ್ಲೋ ಕಾಸರಗೋಡಿನಲ್ಲೋ ಸಿಗುತ್ತದಾ? ಅಲ್ಲಿನ ವಾರಂಟಿ ಇಲ್ಲಿ ನಡೆಯುತ್ತದಾ? ವಿಮಾನದ ಲಗೇಜು, ಕಸ್ಟಮ್ಸ್ ಸೇರಿಸಿದರೆ ಒಟ್ಟು ಎಷ್ಟಾಯಿತು? ನಾಲ್ಕಕ್ಕೂ ಉತ್ತರ ಸರಿಯಿದ್ದರೆ ತನ್ನಿ. ಇಲ್ಲದಿದ್ದರೆ ಹಣ ಕಳಿಸಿ, ಮಗುವನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಕೂರಿಸಿ ನೋಡಿ ಕೊಳ್ಳುವವರು ಇಲ್ಲಿ ಇದ್ದೇವೆ.

ಒಂದು ಲಕ್ಷ ರೂಪಾಯಿ ಕೈಯಲ್ಲಿದೆ ಎಂದಿಟ್ಟುಕೊಳ್ಳಿ. ಅಷ್ಟನ್ನೂ ಒಂದೇ ಸೈಕಲಿಗೆ ಸುರಿಯಬೇಡಿ. 65 ಸಾವಿರದೊಳಗೆ ಸರಿ ಅಳತೆಯ ಅಲ್ಯೂಮಿನಿಯಮ್ ಹಾರ್ಡ್‌ಟೇಲ್, ಹೊಸದು ಅಥವಾ ಒಳ್ಳೆಯ ಕೈಯಿಂದ ಬಂದ ಹಳೆಯದು. 10 ಸಾವಿರ ಟಯರು, ಸೀಲಂಟ್, ಪಂಪಿಗೆ. 10 ಸಾವಿರ ಹೆಲ್ಮೆಟ್, ಕೈಗವಸು, ಬೂಟಿಗೆ. ಉಳಿದ 15 ಸಾವಿರ ಈಜು ಕಲಿಸುವವರಿಗೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಒಂದು ದುಬಾರಿ ಸೈಕಲಿನ ಬದಲು ಎರಡು ಸಾದಾ ಸೈಕಲ್, ಪ್ರತಿಯೊಬ್ಬರಿಗೂ ಅವರವರ ಅಳತೆಯದ್ದು. ಜೊತೆಗೆ ತುಳಿಯುವವರು ಇದ್ದರೆ ಆಟ ಉಳಿಯುತ್ತದೆ, ಒಬ್ಬರೇ ಆದರೆ ಮೂರು ತಿಂಗಳಲ್ಲಿ ಸೈಕಲ್ ಜಗಲಿಯಲ್ಲಿ ಬಟ್ಟೆ ಒಣಗಿಸುವ ಕಂಬಿಯಾಗುತ್ತದೆ.

'ಇದರಿಂದ ಏನು ಸಿಗುತ್ತದೆ, ಪರೀಕ್ಷೆಗೆ ಮಾರ್ಕು ಬರುತ್ತದಾ?' ಎಂದು ಕೇಳುವ ಹಿರಿಯರಿಗೆ ನಾನು ವಾದ ಹೂಡುವುದಿಲ್ಲ. ಹದಿನಾರು ತುಂಬುವ ಮೊದಲೇ ಬೈಕಿನ ಕೀಲಿ ಕೇಳುವ ಹುಡುಗರು ನಮ್ಮ ಓಣಿಗಳಲ್ಲಿ ಎಷ್ಟಿದ್ದಾರೆಂದು ನಿಮಗೇ ಗೊತ್ತು. ಬೆಳಗ್ಗೆ ಐದೂವರೆಗೆ ಎದ್ದು ಪದವು ಹತ್ತಿ ಇಳಿದು ಬಂದ ಹುಡುಗ ರಾತ್ರಿ ಹತ್ತಕ್ಕೆ ಮೊಬೈಲ್ ಹಿಡಿದೇ ನಿದ್ದೆ ಹೋಗುತ್ತಾನೆ. ಸ್ಪರ್ಧೆಯಲ್ಲಿ ಗೆಲ್ಲಲಿ ಬಿಡಲಿ, ಅಷ್ಟಂತೂ ಸಿಗುತ್ತದೆ.

ಆದ್ದರಿಂದ ಮುಂದಿನ ಸಲ ಮನೆಯಲ್ಲಿ ಸೈಕಲಿನ ಮಾತು ಬಂದಾಗ, ಯಾವ ಕಂಪೆನಿ ಎಂದು ಕೇಳುವ ಮೊದಲು ಅಳತೆ ಪಟ್ಟಿ ಹುಡುಕಿ. ಮಗನನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ ಮೇಲೆ ಮಗಳನ್ನೂ ಕರೆಯಿರಿ. ಎರಡೂ ಅಂಕಿಗಳನ್ನು ಬರೆದು ಗಲ್ಫಿಗೆ ಕಳಿಸಿ.